ಬಿಸಿಲಲ್ಲಿಟ್ಟ ಕೊಡ: ಮಕ್ಕಳಿಗೆ ಚಂದ್ರನ ಏರಿಳಿತ ಕಲಿಸುವುದು ಹೇಗೆ?

2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂತು. ಅಂದು ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ ಕೂದಲೆಳೆಯಂಥ ಚಂದ್ರ ಕಾಣಿಸಿದ. ಅದನ್ನು ಕಂಡೇ ರಂಜಾನ್ ಉಪವಾಸ ಮುಗಿದು, ಮರುದಿನ ಈದ್ ನಡೆಯಿತು. ಆ ಮರುದಿನವೇ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಮನೆಗಳಲ್ಲಿ ವರ್ಷದ ತೊಡಕು. ಬಾಡೂಟ ಮುಗಿಸಿ, ಸಂಜೆ ಬಯಲಿಗೆ ಬಂದು, ಬಿದಿಗೆ ಚಂದ್ರನಿಗೆ ಕೈ ಮುಗಿದು, ಹಿರಿಯರ ಕಾಲಿಗೆ ಬೀಳುವ ದಿನ. ಒಂದೇ ಎಳೆ ಚಂದ್ರನನ್ನು ಎರಡು ಹಬ್ಬದ ಮನೆಗಳವರು ಒಂದೇ ದಿಕ್ಕಿಗೆ ಕತ್ತೆತ್ತಿ ಹುಡುಕಿದರು. ಯಾವ ಮೇಷ್ಟ್ರೂ ಹೇಳದೆ ಮಕ್ಕಳೂ ಅವರ ಜೊತೆ ನಿಂತು ಹುಡುಕಿದರು.

ಹೀಗೆ ಚಂದ್ರನನ್ನು ಹುಡುಕಿ ಬೆಳೆದ ಹುಡುಗನೋ ಹುಡುಗಿಯೋ ಎಂಟನೇ ತರಗತಿಗೆ ಬಂದಾಗ ‘ಚಂದ್ರ ಏಕೆ ಸವೆಯುತ್ತಾನೆ?’ ಎಂದು ಕೇಳಿ ನೋಡಿ. ಬಹುಪಾಲು ಸಿಗುವ ಉತ್ತರ, ‘ಭೂಮಿಯ ನೆರಳು ಬೀಳುತ್ತದೆ, ಅದಕ್ಕೆ.’ ಇದು ತಪ್ಪು. ನೆರಳು ಬಿದ್ದರೆ ಆಗುವುದು ಗ್ರಹಣ. ತಪ್ಪು ನಮ್ಮ ಮಕ್ಕಳದೊಂದೇ ಅಲ್ಲ, ಜಗತ್ತಿನ ಉದ್ದಗಲಕ್ಕೂ ಇದೆ. ಹಾಗಾಗಿಯೇ ಚಂದ್ರನ ಏರಿಳಿತವನ್ನು ಕಲಿಸುವುದು ಹೇಗೆ ಎಂಬುದು ಶಿಕ್ಷಣ ಬಲ್ಲವರು ಸುಮಾರು ನೂರು ವರ್ಷಗಳಿಂದ ವಾದಿಸುತ್ತ ಬಂದಿರುವ ಪ್ರಶ್ನೆ. ಆ ವಾದದ ನಕ್ಷೆಯನ್ನು ಇಲ್ಲಿ ಬಿಡಿಸಲು ಹೊರಟಿದ್ದೇನೆ. ನಿಂತು ನೋಡುವ ಜಾಗ ಮಾತ್ರ ತುಮಕೂರು ತಾಲ್ಲೂಕಿನ ಕೈಗಾರಿಕಾ ಪ್ರದೇಶ ವಸಂತನರಸಾಪುರ.

ಏಕೆ ಈ ಊರು?

2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ನೌಕೆ ಮಂಗಳನ ಕಕ್ಷೆ ಸೇರಿತು. ಬೆಂಗಳೂರಿನ ಇಸ್ರೋ ನಿಯಂತ್ರಣ ಕೇಂದ್ರದಲ್ಲಿ ಅದನ್ನು ನೋಡಿದ ಪ್ರಧಾನಿ ನರೇಂದ್ರ ಮೋದಿ, ಅದೇ ದಿನ ವಸಂತನರಸಾಪುರಕ್ಕೆ ಬಂದು ಫುಡ್ ಪಾರ್ಕ್ ಉದ್ಘಾಟಿಸಿದರು. ರಾಗಿ, ಅವರೆ, ತೆಂಗಿನ ಸೀಮೆ ನೋಡನೋಡುತ್ತ ಕಾರ್ಖಾನೆಗಳ ಸೀಮೆಯಾಯಿತು. ಇಂದು ಇಲ್ಲಿಯ ಶೆಡ್ಡುಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಉತ್ತರ ಕರ್ನಾಟಕ, ಬಿಹಾರ, ಒಡಿಶಾಗಳಿಂದ ಬಂದವರ ಮಕ್ಕಳೂ ಬೆಳೆಯುತ್ತಿದ್ದಾರೆ. ರಾತ್ರಿಯಿಡೀ ಉರಿಯುವ ದೀಪಗಳಿಗೆ ಸಣ್ಣ ನಕ್ಷತ್ರಗಳು ಮಸುಕಾಗಿ ಹೋಗಿವೆ. ಸಪ್ತರ್ಷಿ ಮಂಡಲವನ್ನು ತೋರಿಸಬೇಕೆಂದರೆ ಊರಾಚೆ ಹೋಗಬೇಕು. ಚಂದ್ರನಿಗೆ ಮಾತ್ರ ಈ ತೊಂದರೆ ಇಲ್ಲ. ಎಷ್ಟೇ ದೀಪ, ಎಷ್ಟೇ ದೂಳು ಇದ್ದರೂ ಅವನು ಕಾಣುತ್ತಾನೆ. ಕೈಗಾರಿಕಾ ಪ್ರದೇಶದ ಮಗುವಿಗೆ ಆಕಾಶದಲ್ಲಿ ಉಳಿದಿರುವ ದೊಡ್ಡ ಪಾಠ ಅವನೊಬ್ಬನೇ.

ಜೊತೆಗೆ ಈ ತಾಲ್ಲೂಕಿಗೆ ವಿಜ್ಞಾನದ ಒಂದು ಹಳೆಯ ನಂಟಿದೆ. ಬೆಳ್ಳಾವೆ ವೆಂಕಟನಾರಣಪ್ಪನವರ ಹೆಸರಿನಲ್ಲಿರುವ ಬೆಳ್ಳಾವಿ ಇದೇ ತುಮಕೂರು ತಾಲ್ಲೂಕಿನ ಊರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಪತ್ರಿಕೆ ಹೊರಡಿಸಿದರು. ಆ ಪತ್ರಿಕೆ ಬದುಕಿದ್ದು ಎರಡೇ ವರ್ಷ. ಆದರೆ ವಿಜ್ಞಾನವನ್ನು ಕನ್ನಡದಲ್ಲೇ ಹೇಳಬಹುದು ಎಂಬ ಹಟ ಅಲ್ಲಿಂದ ಮುಂದೆ ಹರಿಯಿತು. ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ ತಂದರು. ಆರ್.ಎಲ್. ನರಸಿಂಹಯ್ಯ, ಜಿ.ಟಿ. ನಾರಾಯಣರಾವ್ ಆಕಾಶದ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದರು. 1978ರಿಂದ ‘ಬಾಲವಿಜ್ಞಾನ’ ಮಾಸಪತ್ರಿಕೆ ಶಾಲೆಗಳಿಗೆ ಹೋಗತೊಡಗಿತು. ಬರವಣಿಗೆಗೆ ಕೊರತೆಯಾಗಲಿಲ್ಲ. ಕೊರತೆ ಇರುವುದು ಮಗು ಮತ್ತು ಆಕಾಶದ ನಡುವೆ.

ಹಳೆಯ ತಿಳಿವು: ಕೊಡ ಮತ್ತು ಕಥೆ

ನಮ್ಮಲ್ಲಿ ಚಂದ್ರನ ಏರಿಳಿತಕ್ಕೆ ಎರಡು ವಿವರಣೆಗಳು ಬಹುಕಾಲದಿಂದ ಜೊತೆಜೊತೆಯಾಗಿ ಬಂದಿವೆ. ಒಂದು ಕಥೆಯದು. ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳನ್ನು ಮದುವೆಯಾದ ಚಂದ್ರ ರೋಹಿಣಿಯೊಬ್ಬಳನ್ನೇ ಒಲಿದ. ಮಾವ ಶಾಪ ಕೊಟ್ಟ. ಅಂದಿನಿಂದ ಅವನಿಗೆ ಕ್ಷಯ, ಮತ್ತೆ ವೃದ್ಧಿ. ಇನ್ನೊಂದು ಲೆಕ್ಕದವರದು. ಕ್ರಿ.ಶ. 499ರ ಹೊತ್ತಿಗೆ ಆರ್ಯಭಟ ಚಂದ್ರನಿಗೆ ಸ್ವಂತ ಬೆಳಕಿಲ್ಲವೆಂದೂ ಗ್ರಹಣ ನೆರಳಿನ ಆಟವೆಂದೂ ಸ್ಪಷ್ಟವಾಗಿ ಹೇಳಿದ್ದ. ಆರನೇ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಕೊಟ್ಟ ಹೋಲಿಕೆ ಇನ್ನೂ ಸೊಗಸು. ಬಿಸಿಲಲ್ಲಿಟ್ಟ ಕೊಡದ ಅರ್ಧ ಭಾಗ ಬೆಳಗುತ್ತದೆ, ಉಳಿದರ್ಧ ತನ್ನದೇ ನೆರಳಲ್ಲಿ ಕಪ್ಪಾಗಿರುತ್ತದೆ. ಚಂದ್ರನೂ ಹಾಗೆಯೇ ಎನ್ನುತ್ತಾನೆ ಅವನು.

ಈ ಕೊಡವನ್ನು ಬಿಡಬಾರದು. ಪ್ರಶ್ನೆಯ ಬೀಗದ ಕೈ ಅದರಲ್ಲೇ ಇದೆ. ಚಂದ್ರನ ಅರ್ಧ ಯಾವಾಗಲೂ ಬೆಳಗಿಯೇ ಇರುತ್ತದೆ, ಗ್ರಹಣದ ಹೊತ್ತೊಂದನ್ನು ಬಿಟ್ಟು. ಹುಣ್ಣಿಮೆಯಂದೂ ಅರ್ಧ, ಅಮಾವಾಸ್ಯೆಯಂದೂ ಅರ್ಧ. ಆ ಬೆಳಗಿದ ಅರ್ಧದಲ್ಲಿ ನಮ್ಮ ಕಡೆಗೆ ತಿರುಗಿರುವುದು ಎಷ್ಟು ಎಂಬುದಷ್ಟೇ ದಿನದಿನಕ್ಕೆ ಬದಲಾಗುತ್ತದೆ. ಕೊಡವನ್ನು ಬಿಸಿಲಲ್ಲಿಟ್ಟು ಸುತ್ತ ಒಂದು ಸುತ್ತು ನಡೆದರೆ ಬಿದಿಗೆಯಿಂದ ಅಮಾವಾಸ್ಯೆಯವರೆಗೆ ಎಲ್ಲವೂ ಕಾಣುತ್ತದೆ.

ಇಷ್ಟು ಸರಳವಾದದ್ದು ಶಾಲೆಯಲ್ಲಿ ಇಷ್ಟು ಕಷ್ಟವೇಕೆ?

ನೆರಳಿನ ತಪ್ಪು: ಅದು ಎಲ್ಲಿಂದ ಬಂತು?

ಮಕ್ಕಳು ಆಕಾಶವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಶಿಸ್ತಾಗಿ ಕೇಳಲು ಶುರು ಮಾಡಿದವರಲ್ಲಿ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮೊದಲಿಗರು. 1920ರ ದಶಕದಲ್ಲಿ ಅವರು ಮಾತಾಡಿಸಿದ ಪುಟ್ಟ ಮಕ್ಕಳು, ತಾವು ನಡೆದರೆ ಚಂದ್ರನೂ ಹಿಂದೆ ಬರುತ್ತಾನೆ ಎಂದು ನಂಬಿದ್ದರು. ಬಸ್ಸಿನ ಕಿಟಕಿಯ ಪಕ್ಕ ಕೂತ ನಮ್ಮ ಮಕ್ಕಳೂ ಇದನ್ನೇ ಹೇಳುತ್ತಾರೆ. 1989ರಲ್ಲಿ ಇಂಗ್ಲೆಂಡಿನ ಜಾನ್ ಬ್ಯಾಕ್ಸ್ಟರ್ 9ರಿಂದ 16 ವರ್ಷದವರನ್ನು ಪರೀಕ್ಷಿಸಿದಾಗ, ಚಂದ್ರನ ಏರಿಳಿತಕ್ಕೆ ಹೆಚ್ಚು ಮಂದಿ ಕೊಟ್ಟ ಕಾರಣ ಭೂಮಿಯ ನೆರಳು. ಅದಕ್ಕೆ ಎರಡು ವರ್ಷ ಮೊದಲು, 1987ರಲ್ಲಿ, ಅಮೆರಿಕದಲ್ಲಿ ‘ಎ ಪ್ರೈವೇಟ್ ಯೂನಿವರ್ಸ್’ ಎಂಬ ಸಾಕ್ಷ್ಯಚಿತ್ರ ಬಂದಿತ್ತು. ಹಾರ್ವರ್ಡ್ ಘಟಿಕೋತ್ಸವದ ದಿನ ಗೌನು ತೊಟ್ಟವರನ್ನು ತಡೆದು ಋತುಗಳ ಬಗ್ಗೆ, ಚಂದ್ರನ ಬಗ್ಗೆ ಕೇಳಿದಾಗ 23 ಜನರಲ್ಲಿ 21 ಮಂದಿ ತಪ್ಪು ವಿವರಣೆ ಕೊಟ್ಟರು. ಒಳ್ಳೆಯ ಶಾಲೆ, ಒಳ್ಳೆಯ ಪುಸ್ತಕ ಇದ್ದರೆ ಸಾಕು ಎಂಬ ನೆಮ್ಮದಿಯನ್ನು ಆ ಚಿತ್ರ ಕೆಡಿಸಿತು.

ಇಲ್ಲಿಂದ ವಿದ್ವಾಂಸರು ಎರಡು ಪಾಳೆಯವಾದರು. ಸ್ಟೆಲ್ಲಾ ವೊಸ್ನಿಯಾಡೌ ಮತ್ತು ವಿಲಿಯಂ ಬ್ರೂವರ್ 1990ರ ದಶಕದಲ್ಲಿ ಒಂದು ವಾದ ಹೂಡಿದರು. ಮಗುವಿನ ತಲೆಯಲ್ಲಿ ಒಂದು ಪೂರ್ಣ ಚಿತ್ರ ಇರುತ್ತದೆ, ಶಾಲೆ ಹೇಳಿದ್ದನ್ನು ಮಗು ಆ ಹಳೆಯ ಚಿತ್ರಕ್ಕೆ ಬೆಸೆದು ಹೊಸದೊಂದು ಮಿಶ್ರಣ ಮಾಡಿಕೊಳ್ಳುತ್ತದೆ ಎಂಬುದು ಆ ವಾದ. ಇದೇ ಗುಂಪು ಅಲಾ ಸಮರಪುಂಗವನ್ ಜೊತೆ ಸೇರಿ ಹೈದರಾಬಾದಿನ ಒಂದು ಮತ್ತು ಮೂರನೇ ತರಗತಿಯ ಮಕ್ಕಳನ್ನು ಮಾತಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಹತ್ತಿರದ್ದು. ಅಲ್ಲಿಯ ಹಲವು ಮಕ್ಕಳ ಭೂಮಿ ನೀರಿನ ಮೇಲೆ ನಿಂತಿತ್ತು. ಮನೆಯಲ್ಲಿ ಕೇಳಿದ ಲೋಕದ ಕಥೆ ಶಾಲೆಯ ಗೋಲದೊಳಗೆ ನುಸುಳಿತ್ತು.

ಇನ್ನೊಂದು ಪಾಳೆಯ ಇದನ್ನು ಒಪ್ಪುವುದಿಲ್ಲ. ಮಗುವಿನ ತಲೆಯಲ್ಲಿ ಪೂರ್ಣ ಚಿತ್ರವೇನೂ ಇರುವುದಿಲ್ಲ, ಇರುವುದು ಚೂರುಗಳು ಎನ್ನುತ್ತಾರೆ ಆಂಡ್ರಿಯಾ ಡಿಸೆಸ್ಸಾರ ದಾರಿಯವರು. ಕೇಳಿದ ಕ್ಷಣದಲ್ಲಿ ಮಗು ಕೈಗೆ ಸಿಕ್ಕ ಚೂರುಗಳನ್ನು ಜೋಡಿಸಿ ಉತ್ತರ ಕಟ್ಟುತ್ತದೆ. ಕಪ್ಪು ಕಂಡಿತು, ಕಪ್ಪೆಂದರೆ ನೆರಳು, ಹತ್ತಿರ ಇರುವುದು ಭೂಮಿ, ಆದ್ದರಿಂದ ಭೂಮಿಯ ನೆರಳು. ಮೈಕೇಲ್ ಸೀಗಲ್ ಮತ್ತು ಗವಿನ್ ನೋಬ್ಸ್ ಮೊದಲಾದವರು ಚಿತ್ರ ಬಿಡಿಸುವಂತೆ ಹೇಳುವ ಬದಲು ಬೇರೆ ಬಗೆಯಲ್ಲಿ ಕೇಳಿ, ಮಕ್ಕಳಿಗೆ ನಾವಂದುಕೊಂಡದ್ದಕ್ಕಿಂತ ಹೆಚ್ಚು ಗೊತ್ತಿರುತ್ತದೆ ಎಂದು ತೋರಿಸಿದರು.

ಇದು ಪಂಡಿತರ ಜಗಳದಂತೆ ಕಂಡರೂ ಮೇಷ್ಟ್ರಿಗೆ ಬೇಕಾದ ಮಾತು. ಮೊದಲನೆಯವರು ಸರಿಯಾದರೆ ಹಳೆಯ ಚಿತ್ರವನ್ನು ಒಡೆಯಬೇಕು. ಎರಡನೆಯವರು ಸರಿಯಾದರೆ ಒಡೆಯುವುದಕ್ಕೇನೂ ಇಲ್ಲ, ಸರಿಯಾದ ಚೂರುಗಳನ್ನು ಕೈಗೆಟುಕುವಂತೆ ಇಟ್ಟರೆ ಸಾಕು. ನೆರಳಿನ ಉತ್ತರದ ಮಟ್ಟಿಗೆ ನಾನು ಎರಡನೆಯವರ ಕಡೆ. ದಕ್ಷನ ಶಾಪದ ಕಥೆಯಲ್ಲಿ ಭೂಮಿಯ ನೆರಳು ಇಲ್ಲ, ಬಿದಿಗೆ ಚಂದ್ರನಿಗೆ ಕೈ ಮುಗಿಯುವ ಆಚರಣೆಯಲ್ಲೂ ಇಲ್ಲ. ಅಜ್ಜಿ ಹೇಳಿಕೊಡದ ಈ ತಪ್ಪು ಮೂಡುವುದು ಗ್ರಹಣದ ಚಿತ್ರವನ್ನೂ ಏರಿಳಿತದ ಚಿತ್ರವನ್ನೂ ಒಂದೇ ಪಾಠದಲ್ಲಿ ನೋಡಿದ ಮೇಲೆ.

ಕನ್ನಡದ್ದೇ ಆದ ಒಂದು ತೊಡಕೂ ಇದೆ. ಪಠ್ಯದ ಭಾಷೆಯಲ್ಲಿ ಇದಕ್ಕೆ ‘ಚಂದ್ರನ ಕಲೆಗಳು’ ಎನ್ನುತ್ತೇವೆ. ಸಂಸ್ಕೃತದ ‘ಕಲಾ’ ಎಂದರೆ ಅಂಶ, ಹದಿನಾರರಲ್ಲಿ ಒಂದು ಪಾಲು. ಮನೆಮಾತಿನಲ್ಲಿ ಕಲೆ ಎಂದರೆ ಬಟ್ಟೆಗೆ ಹತ್ತಿದ ಕಲೆ. ‘ಚಂದ್ರನ ಕಲೆ’ ಎಂದ ಕೂಡಲೇ ಮಗುವಿನ ಕಣ್ಣಿಗೆ ಬರುವುದು ಅವನ ಮೈಮೇಲಿನ ಮೊಲ. ಹೆಚ್ಚುವುದು, ಕುಗ್ಗುವುದು, ಬೆಳೆಯುವುದು, ಸವೆಯುವುದು ಎಂಬ ಮಾತುಗಳಿರುವಾಗ ಕೆಳ ತರಗತಿಗಳಲ್ಲಿ ಈ ಪದವನ್ನು ದೂರವಿಡುವುದು ಲೇಸು.

ಮೊದಲು ನೋಡಿ ಎನ್ನುವವರು

ಕಲಿಸುವ ದಾರಿಯಲ್ಲೂ ಎರಡು ಪಂಥಗಳಿವೆ. ಮೊದಲನೆಯದು ನೋಟವನ್ನು ನಂಬುತ್ತದೆ. ಹಾರ್ವರ್ಡಿನಲ್ಲಿ ಶಿಕ್ಷಕರಿಗೆ ಪಾಠ ಮಾಡುತ್ತಿದ್ದ ಎಲಿನರ್ ಡಕ್‌ವರ್ತ್, ತರಗತಿಯ ಎಲ್ಲರಿಗೂ ಒಂದು ನೋಟ್‌ಬುಕ್ ಇಟ್ಟುಕೊಂಡು ಚಂದ್ರನನ್ನು ನೋಡಿ ಬರೆಯಲು ಹೇಳುತ್ತಿದ್ದರು. ವಿವರಣೆ ಇಲ್ಲ, ಚಿತ್ರ ಇಲ್ಲ. ಎಲ್ಲಿ ಕಂಡ, ಎಷ್ಟು ಹೊತ್ತಿಗೆ, ಯಾವ ಆಕಾರ, ಅಷ್ಟೇ. ತಿಂಗಳುಗಟ್ಟಲೆ ಹೀಗೆ ನೋಡಿದ ಮೇಲೆ ಪ್ರಶ್ನೆ ಅವರಿಂದಲೇ ಹುಟ್ಟಬೇಕು ಎಂಬುದು ಅವರ ನಿಲುವು. ಸಿಯಾಟಲ್‌ನ ಲಿಲಿಯನ್ ಮೆಕ್‌ಡರ್ಮಟ್ ಭೌತವಿಜ್ಞಾನದ ಪಾಠಕ್ರಮದಲ್ಲೂ ಇದೇ ದಾರಿ ಹಿಡಿದರು. ನಮ್ಮ ದೇಶದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ 1972ರಿಂದ 2002ರವರೆಗೆ ಹಳ್ಳಿ ಶಾಲೆಗಳಲ್ಲಿ ‘ಮಾಡಿ ಕಲಿ’ ಎಂಬುದನ್ನೇ ನಂಬಿ ನಡೆಯಿತು.

ಇವರ ವಾದಕ್ಕೆ ಬಲ ಕೊಡುವ ಸಂಗತಿಗಳು ಎಲ್ಲರ ಅನುಭವದಲ್ಲಿವೆ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಬಿದಿಗೆಯವನು ಸಂಜೆಗಷ್ಟೇ ಕಾಣುತ್ತಾನೆ, ಹುಣ್ಣಿಮೆಯವನು ರಾತ್ರಿಯಿಡೀ. ನೈಟ್ ಶಿಫ್ಟ್ ಮುಗಿಸಿ ಕಾರ್ಖಾನೆ ಗೇಟಿನಿಂದ ಹೊರಬರುವ ಅಪ್ಪನಿಗೆ ತಲೆಯ ಮೇಲೆ ಕಾಣುವವನು ಕೃಷ್ಣ ಪಕ್ಷದ ಅರ್ಧಚಂದ್ರ. ಆಕಾರಕ್ಕೂ ಹೊತ್ತಿಗೂ ನಂಟಿದೆ ಎಂಬುದನ್ನು ಹಿಡಿದವನಿಗೆ ಉಳಿದ ವಿವರಣೆ ಅರ್ಧ ಕೈಗೆ ಬಂದಂತೆ. ಪುಸ್ತಕದ ಚಿತ್ರದಲ್ಲಿ ಹೊತ್ತು ಕಾಣುವುದಿಲ್ಲ.

ಇನ್ನೊಂದು ವಿಷಯವೂ ಚಿತ್ರದಲ್ಲಿ ಸಿಗುವುದಿಲ್ಲ. ಪುಸ್ತಕಗಳ ಎಳೆ ಚಂದ್ರ ನೆಟ್ಟಗೆ ನಿಂತಿರುತ್ತಾನೆ. ಅದು ಯುರೋಪಿನ ಆಕಾಶ. ತುಮಕೂರು ಇರುವುದು ಉತ್ತರಕ್ಕೆ ಸುಮಾರು 13.3 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಯುಗಾದಿಯ ಚಂದ್ರ ದೋಣಿಯಂತೆ, ಎರಡು ಕೋಡು ಮೇಲೆತ್ತಿ ಮಲಗಿರುತ್ತಾನೆ. ದಸರೆಯ ಹೊತ್ತಿಗೆ ಅವನೇ ಒಂದು ಬದಿಗೆ ವಾಲಿರುತ್ತಾನೆ. ಯಾವ ಕೋಡು ಎತ್ತರವಾಗಿದೆ ಎಂದು ನೋಡಿ ಮಳೆ ಬೆಳೆ ಹೇಳುತ್ತಿದ್ದ ಹಿರಿಯರ ಭವಿಷ್ಯ ನಿಜವಾಗದೆ ಇರಬಹುದು. ಅವರ ಕಣ್ಣು ಮಾತ್ರ ಚುರುಕಾಗಿತ್ತು. ಆ ವಾಲುವಿಕೆಯನ್ನು ಅವರು ಗಮನಿಸಿದ್ದರು, ನಮ್ಮ ಪುಸ್ತಕಗಳು ಗಮನಿಸಿಲ್ಲ.

ಈ ದಾರಿಗೆ ಬರುವ ಆಕ್ಷೇಪವೂ ದೊಡ್ಡದು. ಶಾಲೆ ನಡೆಯುವುದು ಹಗಲು, ಚಂದ್ರ ಕಾಣುವುದು ರಾತ್ರಿ ಎನ್ನುತ್ತಾರೆ. ಜೂನ್‌ನಲ್ಲಿ ಶಾಲೆ ತೆರೆದರೆ ಮೂರ್ನಾಲ್ಕು ತಿಂಗಳು ಮೋಡ. ಒಂದು ಪಾಠಕ್ಕೆ ಒಂದು ತಿಂಗಳು ಕೊಡಲು ಯಾವ ಮೇಷ್ಟ್ರಿಗೆ ಬಿಡುವಿದೆ? ಮೋಡದ ಮಾತು ಒಪ್ಪಬೇಕಾದದ್ದೇ. ಹಗಲಿನ ಮಾತಿಗೆ ಉತ್ತರ ಇದೆ, ಕೊನೆಗೆ ಬರುತ್ತೇನೆ.

ಚೆಂಡು ಹಿಡಿದವರು

ಎರಡನೆಯ ಪಂಥ ಮಾದರಿಯನ್ನು ನಂಬುತ್ತದೆ. ಬರೀ ನೋಡಿದರೆ ಕಾರಣ ಹೊಳೆಯುವುದಿಲ್ಲ. ಮನುಷ್ಯಕುಲ ಸಾವಿರಾರು ವರ್ಷ ನೋಡಿದ ಮೇಲೆಯೇ ಹೊಳೆದದ್ದು, ಮಗು ಒಂದು ತಿಂಗಳಲ್ಲಿ ಹೇಗೆ ಕಂಡುಹಿಡಿದೀತು ಎಂಬುದು ಇವರ ಪ್ರಶ್ನೆ. ಎನ್‌ಸಿಇಆರ್‌ಟಿಯ ಹಳೆಯ ಎಂಟನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ಇದಕ್ಕೊಂದು ಒಳ್ಳೆಯ ಚಟುವಟಿಕೆ ಇತ್ತು. ದೊಡ್ಡ ಚೆಂಡಿಗೋ ಮಡಕೆಗೋ ಅರ್ಧ ಬಿಳಿ, ಅರ್ಧ ಕಪ್ಪು ಬಣ್ಣ ಬಳಿಯುವುದು. ಬಯಲಲ್ಲಿ ವೃತ್ತ ಎಳೆದು ಒಬ್ಬರು ನಡುವೆ ನಿಲ್ಲುವುದು. ಇನ್ನೊಬ್ಬರು ಬಿಳಿ ಭಾಗ ಸದಾ ಸೂರ್ಯನ ಕಡೆಗಿರುವಂತೆ ಚೆಂಡು ಹಿಡಿದು ವೃತ್ತದ ಮೇಲೆ ನಡೆಯುವುದು. ವರಾಹಮಿಹಿರನ ಕೊಡ ಸುಮಾರು ಒಂದೂವರೆ ಸಾವಿರ ವರ್ಷದ ಬಳಿಕ ಶಾಲೆಯ ಅಂಗಳಕ್ಕೆ ಬಂದಿತ್ತು. 2022ರಲ್ಲಿ ಪಠ್ಯದ ಹೊರೆ ಇಳಿಸುವಾಗ ‘ನಕ್ಷತ್ರಗಳು ಮತ್ತು ಸೌರಮಂಡಲ’ ಎಂಬ ಆ ಅಧ್ಯಾಯವನ್ನೇ ತೆಗೆದರು. ಚಂದ್ರಯಾನ-3 ಇಳಿದದ್ದು ಅದರ ಮರುವರ್ಷ. ಮಕ್ಕಳ ಕುತೂಹಲ ತುದಿಗೇರಿದ ಹೊತ್ತಿಗೆ ಪುಸ್ತಕದಲ್ಲಿ ಆ ಪುಟಗಳಿರಲಿಲ್ಲ. ಇದು ಆಗಬಾರದಾಗಿದ್ದ ಕೆಲಸ. 2025ರ ಹೊಸ ಎಂಟನೇ ತರಗತಿ ಪುಸ್ತಕ ಚಂದ್ರನ ಏರಿಳಿತವನ್ನು ಪಂಚಾಂಗಗಳ ಜೊತೆ ಸೇರಿಸಿ ಮತ್ತೆ ತಂದಿದೆ. ಅದು ಸಮಾಧಾನದ ಸಂಗತಿ.

ಮಾದರಿಗೂ ತನ್ನ ಅಪಾಯಗಳಿವೆ. ಕತ್ತಲೆ ಕೋಣೆಯಲ್ಲಿ ಒಂದೇ ಬಲ್ಬ್ ಹಚ್ಚಿ, ಚೆಂಡನ್ನು ಕೈಯಲ್ಲಿ ಹಿಡಿದು ಮಗು ತನ್ನ ಸುತ್ತ ತಾನೇ ತಿರುಗಿದಾಗ, ಹುಣ್ಣಿಮೆಯ ಜಾಗಕ್ಕೆ ಬರುತ್ತಲೇ ಅದರ ತಲೆಯ ನೆರಳು ಚೆಂಡಿನ ಮೇಲೆ ಬೀಳುತ್ತದೆ. ನೆರಳಿನ ತಪ್ಪನ್ನು ಕಳೆಯಲು ಹೊರಟ ಆಟವೇ ಅದನ್ನು ಗಟ್ಟಿ ಮಾಡುತ್ತದೆ. ಚೆಂಡನ್ನು ತಲೆಗಿಂತ ಎತ್ತರ ಹಿಡಿಸಬೇಕು, ಏಕೆ ಎಂದೂ ಹೇಳಬೇಕು. ಅದಕ್ಕೆ ಅಳತೆ ಬೇಕು. ಭೂಮಿ 22 ಸೆಂಟಿಮೀಟರ್‌ನ ಫುಟ್‌ಬಾಲ್ ಆದರೆ, ಚಂದ್ರ 6 ಸೆಂಟಿಮೀಟರ್‌ನ ಸಣ್ಣ ಚೆಂಡು, ಇರುವುದು ಸುಮಾರು ಆರೂವರೆ ಮೀಟರ್ ದೂರದಲ್ಲಿ. ಪುಸ್ತಕದ ಚಿತ್ರದಲ್ಲಿ ಎರಡೂ ಅಕ್ಕಪಕ್ಕ ಅಂಟಿಕೊಂಡಿರುತ್ತವೆ. ಚಂದ್ರನ ಹಾದಿ 5 ಡಿಗ್ರಿಯಷ್ಟು ಓರೆ. ಆರೂವರೆ ಮೀಟರ್ ದೂರಕ್ಕೆ ಆ ಓರೆ ಎರಡು ಅಡಿಯ ಹತ್ತಿರ ಬರುತ್ತದೆ. ಅಲ್ಲಿಗೆ ತಲುಪುವ ಭೂಮಿಯ ನೆರಳಿನ ಅಗಲ ಒಂದು ಗೇಣಿಗೂ ಕಡಿಮೆ. ಹೆಚ್ಚಿನ ಹುಣ್ಣಿಮೆಗಳಲ್ಲಿ ಚಂದ್ರ ಆ ಗೇಣಗಲದ ಮೇಲಕ್ಕೋ ಕೆಳಕ್ಕೋ ತಪ್ಪಿಸಿಕೊಂಡು ಹೋಗುತ್ತಾನೆ. 2025ರ ಸೆಪ್ಟೆಂಬರ್ 7ರ ರಾತ್ರಿಯಂತೆ ತಪ್ಪಿಸಿಕೊಳ್ಳಲಾಗದೆ ಸಿಕ್ಕಿಬಿದ್ದಾಗ ಗ್ರಹಣ. ಮೈದಾನದಲ್ಲಿ ಹಗ್ಗ ಹಿಡಿದು ಅಳೆದು ತೋರಿಸಿದರೆ ನೆರಳಿನ ಉತ್ತರ ತಾನಾಗಿಯೇ ನಿಲ್ಲದಾಗುತ್ತದೆ.

ಚಿತ್ರದ ಇನ್ನೊಂದು ಕಷ್ಟವನ್ನು ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಜಯಶ್ರೀ ರಾಮದಾಸ್ ಮತ್ತು ಶಮಿನ್ ಪಡಳಕರ್ ಮಹಾರಾಷ್ಟ್ರದ ಆದಿವಾಸಿ, ಹಳ್ಳಿ ಮತ್ತು ನಗರದ ಮಕ್ಕಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ ಎತ್ತಿ ತೋರಿಸಿದ್ದಾರೆ. ಏರಿಳಿತದ ಚಿತ್ರ ನಮ್ಮನ್ನು ಆಕಾಶದಾಚೆ ನಿಲ್ಲಿಸಿ ಭೂಮಿ ಚಂದ್ರರನ್ನು ಮೇಲಿನಿಂದ ತೋರಿಸುತ್ತದೆ. ಮಗು ನೋಡುವುದು ನೆಲದ ಮೇಲಿಂದ. ಒಂದು ನೋಟದಿಂದ ಇನ್ನೊಂದಕ್ಕೆ ದಾಟಲು ಮೈಯ ಸಹಾಯ ಬೇಕು. ಕೈ ಚಾಚಿ, ತಿರುಗಿ, ಬೆರಳು ತೋರಿ, ತಾನೇ ಭೂಮಿಯಾಗಿ ನಿಲ್ಲಬೇಕು. ಕಾಗದದ ಚಿತ್ರಕ್ಕೂ ಚೆಂಡಿಗೂ ನಡುವೆ ಮಗುವಿನ ಮೈಯೇ ಸೇತುವೆ ಎಂಬ ಈ ಮಾತು ನಮ್ಮ ಶಿಕ್ಷಕರ ತರಬೇತಿಗಳಿಗೆ ಬರಬೇಕು.

ನೋಡುವವರು, ಚೆಂಡು ಹಿಡಿದವರು, ಇಬ್ಬರಲ್ಲಿ ಯಾರು ಗೆದ್ದರು? ಅಮೆರಿಕದ ಕ್ಯಾಥಿ ಟ್ರಂಡಲ್ ಮತ್ತು ಜೊತೆಗಾರರು 2002ರಿಂದ ಪ್ರಕಟಿಸಿದ ಅಧ್ಯಯನಗಳು ಎರಡನ್ನೂ ಬೆಸೆದವು. ಮೊದಲು ವಾರಗಟ್ಟಲೆ ನೋಡಿ ಬರೆಯುವುದು, ಬರೆದದ್ದರಲ್ಲಿ ಕ್ರಮ ಹುಡುಕುವುದು, ಆಮೇಲೆ ಚೆಂಡು. ಶಿಕ್ಷಕರಾಗಲಿದ್ದವರಲ್ಲೂ ನಾಲ್ಕನೇ ತರಗತಿಯ ಮಕ್ಕಳಲ್ಲೂ ಇದರಿಂದ ತಿಳಿವು ಚೆನ್ನಾಗಿ ಸುಧಾರಿಸಿತು. ನನಗೆ ತಿಳಿದ ಮಟ್ಟಿಗೆ ಈ ಪ್ರಶ್ನೆಯಲ್ಲಿ ಗಟ್ಟಿ ನೆಲ ಅಂತ ಇರುವುದು ಇದೇ. ನೋಟದ ಹಿಂದೆ ಮಾದರಿ ಬರಬೇಕು, ಮುಂದೆ ಅಲ್ಲ.

ಪಂಚಾಂಗ ಬೇಕೆ, ಬೇಡವೆ?

ನಮ್ಮ ನೆಲದ್ದೇ ಆದ ವಾದ ಇದು, ಹೆಚ್ಚು ಬಿಸಿಯಾದದ್ದೂ ಇದೇ.

ವಸಂತನರಸಾಪುರದ ಮಗುವಿಗೆ ಅಮಾವಾಸ್ಯೆ ಗೊತ್ತಾಗುವುದು ಆಕಾಶ ನೋಡಿ ಅಲ್ಲ. ಲಾರಿಯ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗ, ಅಂಗಡಿಯ ಬಾಗಿಲಲ್ಲಿ ಬೂದುಗುಂಬಳ ಒಡೆದಾಗ. ಚೌತಿಯ ಚಂದ್ರನನ್ನು ನೋಡಿದರೆ ಅಪವಾದ ಬರುತ್ತದೆ ಎಂದು ಗಣೇಶನ ಹಬ್ಬದ ಸಂಜೆ ಅಮ್ಮ ಕಣ್ಣು ಮುಚ್ಚಿಸುತ್ತಾಳೆ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆ, ದನಗಳ ಪರಿಷೆ. ಗೋಡೆಯ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ತಿಥಿ ಅಚ್ಚಾಗಿದೆ. ಇದನ್ನೆಲ್ಲ ತರಗತಿಗೆ ತರಬೇಕೆ?

ಬೇಡ ಎನ್ನುವವರಿಗೆ ಬಲವಾದ ಕಾರಣ ಇದೆ. ಪಂಚಾಂಗ ತೆರೆದರೆ ತಿಥಿಯ ಪಕ್ಕದಲ್ಲೇ ರಾಹುಕಾಲ ಇರುತ್ತದೆ. ಒಂದನ್ನು ತರುವಾಗ ಇನ್ನೊಂದೂ ಒಳಗೆ ಬರುತ್ತದೆ. ಕರ್ನಾಟಕದಲ್ಲಿ ಎಚ್. ನರಸಿಂಹಯ್ಯನವರಂಥವರು ಜೀವನವಿಡೀ ಹೋರಾಡಿದ್ದು ಇಂಥ ಬೆರಕೆಯ ವಿರುದ್ಧ. 2001ರಲ್ಲಿ ವಿಶ್ವವಿದ್ಯಾಲಯಗಳಲ್ಲಿ ಜ್ಯೋತಿಷದ ಪದವಿ ತರಲು ಯುಜಿಸಿ ಹೊರಟಾಗ ವಿಜ್ಞಾನಿಗಳು ಸುಪ್ರೀಂ ಕೋರ್ಟ್‌ವರೆಗೆ ಹೋದರು, 2004ರಲ್ಲಿ ಸೋತರು. ಆ ಭಯ ಸುಳ್ಳಲ್ಲ.

ಆದರೂ ಬೇಕು ಎನ್ನುವವರ ಜೊತೆ ನಾನಿದ್ದೇನೆ. ತಿಥಿ ಎಂದರೇನು ಎಂಬುದನ್ನು ನೋಡಿದರೆ ಕಾರಣ ತಿಳಿಯುತ್ತದೆ. ಆಕಾಶದಲ್ಲಿ ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. 360 ಡಿಗ್ರಿಗೆ 30 ತಿಥಿ. ಇದರಲ್ಲಿ ನಂಬಿಕೆಯ ಮಾತಿಲ್ಲ, ಶುದ್ಧ ಕೋನಮಾನ. ಚಂದ್ರನ ಆಕಾರವನ್ನು ತೀರ್ಮಾನಿಸುವುದೂ ಅದೇ ಕೋನ. ಜಗತ್ತಿನ ಇತರ ಮಕ್ಕಳು ಪುಸ್ತಕದಿಂದ ಕಲಿಯಬೇಕಾದ ಸೂರ್ಯ-ಚಂದ್ರರ ನಡುವಿನ ಕೋನ ನಮ್ಮ ಮಕ್ಕಳ ಮನೆಯ ಗೋಡೆಯ ಮೇಲೆ ದಿನವೂ ಅಚ್ಚಾಗಿದೆ, ಬೇರೆ ಹೆಸರಿನಲ್ಲಿ. ಕೈ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಒಂದು ತಿಥಿ ಒಂದು ಮುಷ್ಟಿಗಿಂತ ತುಸು ಹೆಚ್ಚು. ಅಷ್ಟಮಿಯಂದು ಸಂಜೆ ಒಂದು ಕೈಯನ್ನು ಮುಳುಗುವ ಸೂರ್ಯನ ಕಡೆಗೂ ಇನ್ನೊಂದನ್ನು ಚಂದ್ರನ ಕಡೆಗೂ ಚಾಚಿದರೆ ಗಾರೆಯವರ ಮೂಲೆಮಟ್ಟದಂತೆ 90 ಡಿಗ್ರಿ ಆಗುತ್ತದೆ. ಆಗ ಅರ್ಧಚಂದ್ರ. ಸೂರ್ಯನೂ ಚಂದ್ರನೂ ಹೀಗೆ ಇಬ್ಬರೂ ನಮ್ಮ ಕಣ್ಣ ಮುಂದಿರುವಾಗ ಭೂಮಿಯ ನೆರಳು ಎಲ್ಲಿ ಬೀಳುತ್ತಿದೆ ಎಂದು ಕೇಳಿ. ಸೂರ್ಯನಿಗೆ ಬೆನ್ನು ಮಾಡಿದ ದಿಕ್ಕಿಗೆ. ಚಂದ್ರ ಅಲ್ಲಿಲ್ಲ.

ಪಂಚಾಂಗದಲ್ಲಿ ಎಡವುವ ಜಾಗಗಳೂ ಇವೆ. ಕ್ಯಾಲೆಂಡರಿನಲ್ಲಿ ಅಚ್ಚಾಗುವುದು ಸೂರ್ಯೋದಯಕ್ಕೆ ಇರುವ ತಿಥಿ, ಸಂಜೆಗೆ ಅದು ಮುಗಿದಿರಬಹುದು. ಚಂದ್ರ ಕೆಲವೊಮ್ಮೆ ಬೇಗ, ಕೆಲವೊಮ್ಮೆ ನಿಧಾನವಾಗಿ ನಡೆಯುವುದರಿಂದ ತಿಥಿಯ ಉದ್ದ ಸುಮಾರು 20ರಿಂದ 26 ಗಂಟೆಯವರೆಗೆ ಬದಲಾಗುತ್ತದೆ. ಒಂದು ತಿಥಿ ಬಿಟ್ಟುಹೋಗುವುದೂ, ಒಂದು ಎರಡು ದಿನ ನಿಲ್ಲುವುದೂ ಉಂಟು. ಮೇಷ್ಟ್ರಿಗೆ ಇದು ಮೊದಲೇ ಗೊತ್ತಿರಬೇಕು.

ಕೈಗಾರಿಕಾ ಪ್ರದೇಶದ ತರಗತಿಯಲ್ಲಿ ಇನ್ನೊಂದು ಸೊಗಸಾದ ತೊಡಕು ಬರುತ್ತದೆ. ನಮ್ಮ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಬಿಹಾರದ ಮನೆಯ ತಿಂಗಳು ಹುಣ್ಣಿಮೆಗೆ. ಕೃಷ್ಣಾಷ್ಟಮಿ ನಮಗೆ ಶ್ರಾವಣ ಬಹುಳ ಅಷ್ಟಮಿ, ಅವರಿಗೆ ಭಾದ್ರಪದ. ಶಿವರಾತ್ರಿ ನಮಗೆ ಮಾಘ, ಅವರಿಗೆ ಫಾಲ್ಗುಣ. ಪಕ್ಕದ ಬೆಂಚಿನ ಮುಸ್ಲಿಂ ಮಗುವಿನ ತಿಂಗಳು ಎಳೆ ಚಂದ್ರ ಕಂಡ ಸಂಜೆ ಶುರು. ಮೂರು ಲೆಕ್ಕ, ಆದರೆ ಆಕಾಶದಲ್ಲಿರುವ ಚಂದ್ರ ಎಲ್ಲರಿಗೂ ಅಂದು ಒಂದೇ ಆಕಾರ. ಹೆಸರು ಮನುಷ್ಯರದು, ಕೋನ ಆಕಾಶದ್ದು ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ತರಗತಿ ಯಾವ ದೊಡ್ಡ ನಗರದ ಶಾಲೆಯಲ್ಲೂ ಸಿಗುವುದಿಲ್ಲ.

ಪರದೆ ಮತ್ತು ತಾರಾಲಯ

ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ 1989ರಿಂದಲೂ ಮಕ್ಕಳಿಗೆ ಆಕಾಶ ತೋರಿಸುತ್ತಿದೆ. ಸರ್ಕಾರದ ಸಂಚಾರಿ ಡಿಜಿಟಲ್ ತಾರಾಲಯಗಳು ಹಳ್ಳಿ ಶಾಲೆಗಳಿಗೂ ಹೋಗುತ್ತವೆ. ಮೊಬೈಲಿನ ಸ್ಟೆಲೇರಿಯಂನಂಥ ಆ್ಯಪ್ ಒಂದು ತಿಂಗಳ ಚಂದ್ರನನ್ನು ಒಂದು ನಿಮಿಷದಲ್ಲಿ ಓಡಿಸುತ್ತದೆ. ಮೋಡದ ತಿಂಗಳುಗಳಿಗೆ ಇವು ಆಸರೆ, ನಿಜ. ಆದರೆ ನಿಮಿಷದಲ್ಲಿ ಓಡುವ ಚಂದ್ರ, ಕಾಯಿಸಿ ಬರುವ ಚಂದ್ರನ ಜಾಗಕ್ಕೆ ಬರಲಾರ.

ಒಂದು ಸಂದರ್ಭದಲ್ಲಿ ಮಾತ್ರ ಪರದೆ ದೊಡ್ಡ ಪಾಠ ಕಲಿಸಬಹುದಿತ್ತು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿದದ್ದನ್ನು ಶಾಲೆಶಾಲೆಗಳಲ್ಲಿ ನೋಡಿದರು. ಆ ದಿನವೇ ಏಕೆ? ಇಳಿಯುವ ಜಾಗದಲ್ಲಿ ಆಗಷ್ಟೇ ಬೆಳಗಾಗಿತ್ತು. ಸೌರಫಲಕಕ್ಕೆ ಬಿಸಿಲು ಬೇಕು, ಚಂದ್ರನ ಒಂದು ಹಗಲು ನಮ್ಮ ಸುಮಾರು ಹದಿನಾಲ್ಕು ದಿನ. ಅಂದು ನಮಗೆ ಶ್ರಾವಣ ಶುದ್ಧ ಸಪ್ತಮಿ. ಟಿ.ವಿ. ನೋಡಿ ಹೊರಬಂದು ತಲೆ ಎತ್ತಿದ್ದರೆ ಅರ್ಧಕ್ಕೆ ಹತ್ತಿರವಾದ ಚಂದ್ರ ಕಾಣುತ್ತಿದ್ದ. ಬೆಳಕು ಕತ್ತಲೆಯ ಆ ಗೆರೆ ಎಂದರೆ ಅಲ್ಲಿಯ ಸೂರ್ಯೋದಯದ ಗೆರೆ, ಅದು ದಾಟಿದ ಬೆಳಗಿನಲ್ಲಿ ನಮ್ಮ ನೌಕೆ ನಿಂತಿತ್ತು.

ಇನ್ನೂ ತೀರ್ಮಾನವಾಗದ್ದು

ಯಾವ ವಯಸ್ಸಿಗೆ ಏನು ಎಂಬುದು ಮೊದಲನೆಯದು. ಅಮೆರಿಕದ 2013ರ ವಿಜ್ಞಾನ ಮಾನದಂಡಗಳು ಒಂದನೇ ತರಗತಿಗೆ ಕ್ರಮವನ್ನು ನೋಡುವುದನ್ನಷ್ಟೇ ಇಟ್ಟು, ಕಾರಣವನ್ನು ಆರರಿಂದ ಎಂಟನೆಯ ತರಗತಿಗಳಿಗೆ ಇಡುತ್ತವೆ. ಟ್ರಂಡಲ್ ನಾಲ್ಕನೆಯಲ್ಲೇ ಕಾರಣ ಕಲಿಸಬಹುದೆಂದು ತೋರಿಸಿದರು. ಕರ್ನಾಟಕದ ನಲಿಕಲಿ ತರಗತಿಗಳಲ್ಲಿ ಒಂದರಿಂದ ಮೂರನೆಯವರೆಗಿನ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಅಲ್ಲಿ ನೋಟದ ಪುಸ್ತಕ ಶುರುವಾದರೆ ಎಂಟನೆಯ ಹೊತ್ತಿಗೆ ಎಷ್ಟು ಉಳಿದೀತು?

ಕಲಿತದ್ದು ನಿಲ್ಲುತ್ತದೆಯೇ ಎಂಬುದು ಎರಡನೆಯದು. ಚೆನ್ನಾಗಿ ಕಲಿತ ವಯಸ್ಕರಲ್ಲೂ ಕೆಲವರು ತಿಂಗಳುಗಳ ನಂತರ ಹಳೆಯ ಉತ್ತರಕ್ಕೆ ಜಾರಿದ್ದಾರೆ. ನೆರಳಿನ ಉತ್ತರ ಬೇರು ಬಿಟ್ಟ ನಂಬಿಕೆಯೋ, ಆ ಕ್ಷಣಕ್ಕೆ ಕಟ್ಟಿದ್ದೋ ಎಂಬ ಜಗಳ ಇತ್ಯರ್ಥವಾಗದೆ ಇದಕ್ಕೆ ಉತ್ತರ ಸಿಗದು.

ಮೂರನೆಯದೇ ನನಗೆ ಹೆಚ್ಚು ಮುಖ್ಯ. ತಿಥಿ ಬಲ್ಲ ಮಗು ಕೋನವನ್ನು ಬೇಗ ಹಿಡಿಯುತ್ತದೆ ಎಂಬುದು ನನ್ನ ನಂಬಿಕೆ. ಅದನ್ನು ಅಳೆದು ನೋಡಬೇಕಾದ ಜಾಗ ಹಾರ್ವರ್ಡ್ ಅಲ್ಲ, ಇಂಥ ಊರು. ಅಜ್ಜಿಯ ತಿಥಿ ಮಕ್ಕಳ ಬಾಯಿಂದ ಜಾರುತ್ತಿರುವ ಈ ಹೊತ್ತಿನಲ್ಲಿ ಅದು ಬೇಗ ಆಗಬೇಕು.

ಮೇಷ್ಟ್ರುಗಳೇ, ಟೀಚರಮ್ಮಂದಿರೇ, ಹಗಲಿನ ಆಕ್ಷೇಪಕ್ಕೆ ಉತ್ತರ ಕೊಡುತ್ತೇನೆಂದು ಹೇಳಿದ್ದೆ. ಮೋಡವಿಲ್ಲದ ಒಂದು ತಿಂಗಳು ಆರಿಸಿಕೊಳ್ಳಿ. ಹುಣ್ಣಿಮೆ ಕಳೆದ ಏಳನೇ ಬೆಳಿಗ್ಗೆ, ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತಾಗ, ಪಡುವಣದ ಕಡೆ ತಿರುಗಲು ಹೇಳಿ. ನೀಲಿ ಆಕಾಶದಲ್ಲಿ ಅರ್ಧಚಂದ್ರ ಇರುತ್ತಾನೆ. ಒಂದು ಮಗುವಿನ ಕೈಗೆ ನಿಂಬೆಹಣ್ಣು ಕೊಟ್ಟು, ಬಿಸಿಲು ಬೀಳುವಂತೆ, ಕೈ ಚಾಚಿ ಚಂದ್ರನ ಪಕ್ಕಕ್ಕೇ ಹಿಡಿಸಿ. ಚಂದ್ರ ಎಷ್ಟು, ಯಾವ ಬದಿಗೆ ಬೆಳಗಿದ್ದಾನೋ ನಿಂಬೆಹಣ್ಣೂ ಅಷ್ಟೇ, ಅದೇ ಬದಿಗೆ ಬೆಳಗಿರುತ್ತದೆ.